ಅಜ್ಜನ ಪುಟ ಓದಿದವರು

"ಇಷ್ಟು ಸಲ ನೋಡಿದ್ದಾರೆ ಅಂದ್ಮೇಲೆ ಜನಕ್ಕೆ ಇದು ಬೇಕು ಅಂತಾನೇ ತಾನೆ ಅರ್ಥ, ಮೇಡಂ?" ಎಂದಳು ಯಜಮಾನರ ಸೊಸೆ.

ತಿಜೋರಿ ಕಾರ್ಖಾನೆಯ ವೆಬ್‌ಸೈಟು, ಜಾಹೀರಾತು ಎಲ್ಲ ಅವಳ ಕಾರುಬಾರು. ಇಲ್ಲಿ ಎಲ್ಲರೂ ಅವಳನ್ನು ಸೊಸೆಯಮ್ಮ ಎನ್ನುತ್ತಾರೆ. ಕಂಪ್ಯೂಟರಿನ ಪರದೆಯ ಮೇಲೆ ವರ್ಷಗಟ್ಟಲೆ ನೆಲಕ್ಕೆ ಒರಗಿಕೊಂಡೇ ಬಂದಿದ್ದ ಒಂದು ಗೆರೆ ಈಚೆಗೆ ಇದ್ದಕ್ಕಿದ್ದಂತೆ ಗುಡ್ಡದ ಹಾಗೆ ಎದ್ದಿತ್ತು. ಆ ಗುಡ್ಡದ ತುದಿಗೆ ಬೆರಳಿಟ್ಟು ಅವಳು ನನ್ನ ಮುಖ ನೋಡಿದಳು. ಶಹಭಾಸ್ ಅನ್ನಲಿ ಎಂದು ಕಾದಂತಿತ್ತು.

ಶಹಭಾಸ್ ಅನ್ನುವ ತ್ರಾಣ ನನ್ನಲ್ಲಿರಲಿಲ್ಲ. ಬೆಳಿಗ್ಗೆಯಿಂದ ಠಾಣೆ, ಕಳುವಾದ ಮನೆ, ಮತ್ತೆ ಠಾಣೆ ಎಂದು ಅಲೆದು ಮಂಡಿ ಊದಿಕೊಂಡಿತ್ತು. ಎರಡು ಮನೆಗಳಲ್ಲಿ ಈ ಕಾರ್ಖಾನೆಯ ಹಳೇ ಮಾದರಿಯ ತಿಜೋರಿಯನ್ನು ಒಂದು ಗೀರೂ ಬೀಳದಂತೆ, ಬೆಣ್ಣೆಯಿಂದ ಕೂದಲೆಳೆದ ಹಾಗೆ ತೆಗೆದಿದ್ದರು. ಹಾಗೆ ತೆಗೆಯಬಲ್ಲವನು ಒಬ್ಬನೇ ಎಂದು ಪೊಲೀಸರು ಹೇಳುತ್ತಿದ್ದರು, ಆ ಒಬ್ಬ ನನ್ನ ತಮ್ಮ.

ತಮ್ಮ ಇಲ್ಲಿ ಮೇಸ್ತ್ರಿ. ಕೆಳಗೆ ಷೆಡ್ಡಿನಲ್ಲಿ ಅವನು ಏನೂ ಆಗಿಲ್ಲ ಎನ್ನುವಂತೆ ಕೆಲಸ ಮಾಡುತ್ತಿದ್ದ. ಬಾಗಿಲಲ್ಲಿ ಜೀಪು ನಿಂತಿತ್ತು. ಕೆಲಸಗಾರರ ಮುಂದೆ ಬೇಡ, ಪಾಳಿ ಮುಗಿಯಲಿ ಎಂದು ಯಜಮಾನರು ಕೈಮುಗಿದದ್ದಕ್ಕೆ ಇನ್‌ಸ್ಪೆಕ್ಟರ್ ಸಂಜೆಯ ಗಂಟೆಯವರೆಗೆ ಕಾಯಲು ಒಪ್ಪಿದ್ದರು. ಗಂಟೆ ಹೊಡೆಯಿತೆಂದರೆ ಅವನನ್ನು ಕರೆದುಕೊಂಡು ಹೋಗುತ್ತಾರೆ.

ಇಷ್ಟು ವರ್ಷ ಊರವರ ಗಂಡಂದಿರ ಹಿಂದೆ ಅಲೆದು ಪತ್ತೇದಾರಿಕೆ ಮಾಡಿದ ನನಗೆ, ಒಡಹುಟ್ಟಿದವನ ಕೇಸು ಹಿಡಿಯುವ ಹೊತ್ತಿಗೆ ಕಾಲೂ ಸೋತಿತ್ತು, ತಲೆಯೂ ಸೋತಿತ್ತು. ಈ ಕೆಲಸ ಯಾಕಾದರೂ ಹಿಡಿದೆನೋ ಅನಿಸುತ್ತಿತ್ತು.

"ಇದು ಯಾವ ಪುಟ?" ಎಂದೆ.

"ಅಜ್ಜಂದು ಮೇಡಂ."

ಅಜ್ಜ ಎಂದರೆ ಆ ಹಳೇ ಮಾದರಿಗೆ ಕಾರ್ಖಾನೆಯವರಿಟ್ಟ ಹೆಸರು. ಮಾಡುವುದನ್ನು ಎಂದೋ ನಿಲ್ಲಿಸಿದ್ದಾರೆ. ಆದರೆ ಎಷ್ಟೋ ಮನೆಗಳಲ್ಲಿ ಅದು ಇನ್ನೂ ಗೋಡೆಗೆ ಬೆನ್ನು ಕೊಟ್ಟು ನಿಂತಿದೆ.

"ಅಜ್ಜನ ಪುಟದ ಕೊನೇಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಪುಟಕ್ಕೆ ದಾರಿ ಇದೆ. 'ನಂಬರ್ ಮರೆತರೆ' ಅಂತ. ಬೀಗದ ನಂಬರಿಲ್ಲದೆ ತೆಗೆಯೋ ವಿಧಾನ, ದೂರದೂರಿನ ರಿಪೇರಿಯವರಿಗೋಸ್ಕರ ಮೇಸ್ತ್ರಿಯವರು ಹೇಳಿ ಬರೆಸಿದ್ದಂತೆ. ನಾನು ಮದುವೆಯಾಗಿ ಬರೋಕ್ಕೂ ಮುಂಚಿನದು. ಈ ಗೆರೆ ಆ ಪುಟದ್ದು."

"ತಿಜೋರಿ ಮಾರೋರೇ ತಿಜೋರಿ ತೆಗೆಯೋದು ಹೇಗೆ ಅಂತ ಬರೆದು ಊರಿಗೆಲ್ಲ ತೋರಿಸ್ತಿದ್ದೀರಾ?"

"ಯಾರೂ ಓದಲ್ಲ ಅಂತ ಹಾಗೇ ಬಿಟ್ಟಿದ್ವಿ. ಆಮೇಲೆ ಓದೋಕೆ ಶುರು ಮಾಡಿದ್ರಲ್ಲ, ಆಗ ತೆಗೆಯೋಕೆ ಮನಸ್ಸು ಬರಲಿಲ್ಲ."

ಅಯ್ಯೋ ದೇವರೇ ಎಂದು ಕಣ್ಣು ಮುಚ್ಚಿಕೊಂಡೆ. ಬೈಯೋಣವೆಂದರೆ ಅವಳ ಮುಖದಲ್ಲಿ ಕಪಟ ಕಾಣಿಸಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದ ಹುಡುಗಿಯ ಮುಖ ಅದು.

"ನೋಡಿಮ್ಮ," ಎಂದೆ, "ನಾನು ಒಂದು ಮನೆ ಎದುರು ಕೂತಿರ್ತೀನಿ ಅನ್ಕೊಳ್ಳಿ. ಒಬ್ಬನೇ ಗಂಡಸು ಹತ್ತು ಸಲ ಒಳಗೆ ಹೋಗಿ ಹತ್ತು ಸಲ ಆಚೆ ಬಂದ. ಹತ್ತು ಜನ ಗಂಡಸರು ಬಂದಿದ್ರು ಅಂತ ನಾನು ಅವನ ಹೆಂಡತಿಗೆ ಹೇಳೋಕಾಗುತ್ತಾ? ಇದರಲ್ಲಿ ನೀವು ಎಣಿಸಿರೋದು ಬಂದ ಸಲಾನೋ, ಬಂದ ಜನಾನೋ?"

ಅವಳು ನಗಲು ಹೋಗಿ ನಿಲ್ಲಿಸಿದಳು.

"ಅದು... ಸಲ."

"ಜನ ತೋರಿಸಿ."

ಅವಳು ಮೌಸನ್ನು ಹಿಂದೆ ಮುಂದೆ ಸರಿಸಿದಳು. ಆಮೇಲೆ ಒಂದು ಕಡೆ ಒತ್ತಿದಳು. ಪರದೆ ಒಮ್ಮೆ ಬೆಳ್ಳಗಾಗಿ ಮತ್ತೆ ತುಂಬಿಕೊಂಡಿತು. ಗುಡ್ಡ ಮಾಯವಾಗಿತ್ತು. ಗೆರೆ ಮೊದಲಿನ ಹಾಗೇ ನೆಲಕ್ಕೆ ಬಿದ್ದುಕೊಂಡಿತ್ತು.

"ಎಷ್ಟು ಜನ?"

"ಒಬ್ಬರು," ಎಂದಳು ಸೊಸೆಯಮ್ಮ. ಧ್ವನಿ ಕುಸಿದಿತ್ತು. "ಒಬ್ಬರೇ, ಮೇಡಂ. ಅದೇ ಫೋನು. ಮತ್ತೆ ಮತ್ತೆ ಬಂದಿದೆ."

ಅವಳು ತಾನಾಗಿಯೇ ಒಂದೊಂದೇ ಬಿಚ್ಚಿ ತೋರಿಸತೊಡಗಿದಳು. ಗಿರಾಕಿಗಳಾದವರು ಬೆಲೆ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಮನೆಗೆ ತಲುಪಿಸುವುದಕ್ಕೆ ಏನು ತಗೊಳ್ಳುತ್ತೀರಿ ಎಂದು ಹುಡುಕುತ್ತಾರೆ. ಈ ಓದುಗ ಒಂದು ಸಲವೂ ಬೆಲೆಯ ಕಡೆ ತಿರುಗಿ ನೋಡಿರಲಿಲ್ಲ. ಬಂದು, ನೇರ ಆ ಸಣ್ಣ ಪುಟಕ್ಕೆ ಇಳಿದು, ಅಲ್ಲೇ ಬಹಳ ಹೊತ್ತು ಕೂತು ಓದಿ ಎದ್ದು ಹೋಗಿದ್ದ. ಬರುತ್ತಿದ್ದದ್ದು ಹೆಚ್ಚಾಗಿ ಮಧ್ಯಾಹ್ನ.

"ಇಷ್ಟು ಹೊತ್ತು ಓದ್ತಾರೆ ಅಂದ್ರೆ ಎಷ್ಟು ಆಸಕ್ತಿ ಇರಬೇಕು ಅಂದ್ಕೊಂಡೆ," ಎಂದಳು. "ಅದಕ್ಕೇ ಮಾವನವರನ್ನ ಒಪ್ಪಿಸಿ ಆ ಜಾಹೀರಾತು ಕೊಡಿಸಿದ್ದು."

"ಆ ಜಾಹೀರಾತಿನ ವಿಷಯಕ್ಕೇ ಬಂದೆ ನಾನು."

ಅವಳು ತಲೆ ಎತ್ತಲಿಲ್ಲ.

ಬೆಳಿಗ್ಗೆ ಕಳುವಾದ ಎರಡನೇ ಮನೆಗೆ ಹೋಗಿದ್ದಾಗ ಆ ಮನೆಯ ಹೆಂಗಸು ಅಳುತ್ತಲೇ ಒಂದು ಮಾತು ಹೇಳಿದ್ದರು. 'ನಿಮ್ಮ ಮನೆಯಲ್ಲೂ ಅಜ್ಜ ಇದ್ದಾನಾ?' ಎಂದು ಕಂಪನಿಯವರು ಜಾಹೀರಾತಿನಲ್ಲಿ ಕೇಳಿದ್ದರಂತೆ. ತಿಜೋರಿಯ ಪಕ್ಕ ನಿಂತು ಫೋಟೋ ಕಳಿಸಿದರೆ ಹೊಸದು ಕೊಳ್ಳುವಾಗ ರಿಯಾಯಿತಿ. ಇವರು ಕಳಿಸಿದ್ದರು. ಕಂಪನಿಯವರು ಆ ಫೋಟೋವನ್ನು ಹೆಸರು, ಬೀದಿಯ ಸಮೇತ ವೆಬ್‌ಸೈಟಿಗೆ ಹಾಕಿದ್ದರು. ಆ ಮನೆಯಾಕೆ ನೆಂಟರಿಗೆಲ್ಲ ತೋರಿಸಿ ಬೀಗಿದ್ದರು. ಕಳ್ಳತನವಾದ ಮೇಲೆ ನೋಡಿದರೆ ಫೋಟೋ ಇರಲಿಲ್ಲ.

"ಆ ಎರಡು ಮನೆ ಫೋಟೋ ಎಲ್ಲಿ ಹೋದ್ವು?" ಎಂದೆ.

"ಯಾವ ಫೋಟೋ?"

"ನನ್ನ ಹತ್ರ ಈ ನಾಟಕ ಬೇಡಮ್ಮ. ನನಗೆ ವಯಸ್ಸಾಗಿದೆ, ಕಾಲು ನೋಯ್ತಿದೆ, ಕೆಳಗೆ ನನ್ನ ತಮ್ಮನಿಗೆ ಜೀಪು ಕಾಯ್ತಿದೆ. ಒಂದೊಂದು ಕಳ್ಳತನ ಆದ ಮಾರನೇ ದಿನವೇ ಆ ಮನೆ ಫೋಟೋ ತೆಗೆದಿದ್ದೀರಿ. ಮಿಕ್ಕಿದ್ದನ್ನ ಹಾಗೇ ಬಿಟ್ಟಿದ್ದೀರಿ. ಎಲ್ಲ ತೆಗೆದ್ರೆ ಮಾವ ಯಾಕೆ ಅಂತ ಕೇಳ್ತಾರೆ ಅಂತ ತಾನೆ?"

ಸೊಸೆಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಮದುವೆಯಾಗಿ ಬಂದಾಗಿಂದ ಈ ಮನೇಲಿ ನನ್ನ ಕೆಲಸಕ್ಕೆ ಒಂದು ಒಳ್ಳೆ ಮಾತು ಬಂದಿರಲಿಲ್ಲ ಮೇಡಂ. ಕಂಪ್ಯೂಟರ್ ಮುಂದೆ ಕೂತು ಟೈಂಪಾಸ್ ಮಾಡ್ತಾಳೆ ಅನ್ನೋರು. ಈ ಜಾಹೀರಾತು ಗೆದ್ದಾಗ ಮಾವನವರು ಎಲ್ಲರ ಮುಂದೆ ಹೊಗಳಿದ್ರು. ಅದಾಗಿ ವಾರ ಕಳೆಯೋಷ್ಟರಲ್ಲಿ ಮೊದಲ್ನೇ ಕಳ್ಳತನ."

"ಆಗಲೇ ಗೊತ್ತಾಗಿತ್ತು ನಿಮಗೆ."

"ಅನುಮಾನ ಬಂತು."

"ಅನುಮಾನ ಬಂದ್ರೂ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಿ. ಎಲ್ಲರೂ ಮೇಸ್ತ್ರಿ ಕಡೆ ಬೆರಳು ತೋರಿಸ್ತಿದ್ದಾಗಲೂ ಕೂತ್ರಿ. ಅವನು ನಿಮ್ಮನ್ನ ತಾಯಿ ಅಂತ ಕರೀತಾನೆ, ಗೊತ್ತಾ?"

ನನಗೇ ಆಶ್ಚರ್ಯವಾಗುವಷ್ಟು ಜೋರಾಗಿ ಕೂಗಿದ್ದೆ. ಅವಳು ಅತ್ತಳು. ಅಳುವವರನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವಳ ಕಡೆ ಸರಿಸಿ, ಗೋಡೆಯ ಗಡಿಯಾರ ನೋಡಿದೆ. ಗಂಟೆ ಹೊಡೆಯಲು ಹೆಚ್ಚು ಹೊತ್ತಿರಲಿಲ್ಲ.

"ಅಳೋದು ಆಮೇಲೆ. ಈ ಓದುಗ ಎಲ್ಲಿಂದ ಬಂದ, ಅದನ್ನ ಹೇಳಿ."

ಮೂಗೊರೆಸಿಕೊಂಡು ಅವಳು ವಿವರಿಸಿದಳು. ಪುಟ ಒಂದೇ ಆದರೂ, ಅದಕ್ಕೆ ಬರುವ ಲಿಂಕಿಗೆ ಬೇರೆ ಬೇರೆ ಬಾಲ ಅಂಟಿಸಿರುತ್ತಾಳಂತೆ. ಪತ್ರಿಕೆಯಲ್ಲಿ ಕೊಟ್ಟ ಲಿಂಕಿಗೆ ಒಂದು ಬಾಲ, ಕರಪತ್ರದ್ದಕ್ಕೆ ಇನ್ನೊಂದು. ಬಂದವರು ಬಾಲದ ಸಮೇತ ಬರುವುದರಿಂದ ಯಾವ ಜಾಹೀರಾತು ಕೆಲಸ ಮಾಡಿತು, ಯಾವುದು ದಂಡ ಎಂದು ತಿಳಿಯುತ್ತದೆ. ಅಜ್ಜನ ಜಾಹೀರಾತಿಗೂ ಮೊದಲೇ ಕೆಲಸಗಾರರ ಮನೆಗಳಿಗೂ ಒಂದೊಂದು ಬಾಲದ ಲಿಂಕು ಕಳಿಸಿದ್ದಳು. ಪರಿಚಯದವರಿಗೆ ಹಂಚಿ, ಅದರಿಂದ ಯಾರಾದರೂ ತಿಜೋರಿ ಕೊಂಡರೆ ಆ ಮನೆಗೆ ಉಡುಗೊರೆ.

"ಇವನ ಬಾಲ ಯಾವುದು?"

ಅವಳು ಒತ್ತಿದಳು. ನೋಡಿದಳು. ಪರದೆಯನ್ನು ನನ್ನ ಕಡೆಯಿಂದ ತಿರುಗಿಸಲು ನೋಡಿದಳು. ನಾನು ಅವಳ ಕೈ ಹಿಡಿದುಕೊಂಡೆ.

ಅಲ್ಲಿ 'ಮೇಸ್ತ್ರಿ ಮನೆ' ಎಂದಿತ್ತು.

ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನಾನೂ ನನ್ನ ತಮ್ಮನನ್ನು ಕಳ್ಳನೆಂದೇ ನಂಬಿದೆ. ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"ಸೊಸೆಯಮ್ಮ, ಆ ಪುಟ ಹೇಳಿ ಬರೆಸಿದ್ದು ಯಾರು ಅಂದ್ರಿ?"

"ಮೇಸ್ತ್ರಿಯವರು."

"ಅಜ್ಜನ್ನ ನನ್ನ ತಮ್ಮ ಕಣ್ಣು ಮುಚ್ಚಿಕೊಂಡು ತೆಗೀತಾನೆ. ತಾನೇ ಬರೆಸಿದ್ದನ್ನ ಅಷ್ಟು ಹೊತ್ತು, ಅಷ್ಟು ಸಲ ಕೂತು ಯಾಕೆ ಓದ್ತಾನೆ? ಓದೋನು ಗೊತ್ತಿಲ್ಲದೋನು. ಕಲಿಯೋನು."

ಅವಳ ಕಣ್ಣು ಅರಳಿತು. ಆದರೆ ಅವನು ಕಳ್ಳನಲ್ಲ ಎಂದು ಯಾವುದು ಹೇಳುತ್ತಿತ್ತೋ ಅದೇ ಇನ್ನೊಂದು ಕಡೆಗೂ ಬೆರಳು ಮಾಡುತ್ತಿತ್ತು. "ಈ ಲಿಂಕು ಯಾರ ಫೋನಿಗೆ ಕಳಿಸಿದ್ರಿ?" ಎಂದೆ. ಉತ್ತರ ನನಗೆ ಬೇಕಿರಲಿಲ್ಲ.

"ಮೇಸ್ತ್ರಿಯವರು ಫೋನ್ ಮುಟ್ಟಲ್ವಲ್ಲ. ಅವರ ಮನೆಯವರಿಗೆ ಕಳಿಸಿದ್ದೆ."

ತಮ್ಮನ ಹೆಂಡತಿ ಬೆಳಿಗ್ಗೆಯಿಂದ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಈ ಕೇಸು ಹಿಡಿಯಿರಿ ಎಂದು ನನ್ನ ಕಾಲು ಹಿಡಿದವಳೇ ಅವಳು. ಒಳಗೆ ಕರೆದೆ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸೊಸೆಯಮ್ಮ ನಿನಗೊಂದು ಲಿಂಕು ಕಳಿಸಿದ್ರಲ್ಲ, ಅದನ್ನ ಯಾರಿಗಾದ್ರೂ ಕಳಿಸಿದ್ಯೇನೆ?"

"ಇಲ್ಲ ಅಕ್ಕ. ತಿಜೋರಿ ತಗೊಳ್ಳಿ ತಗೊಳ್ಳಿ ಅಂತ ಊರೋರನ್ನ ಕೇಳೋಕೆ ನನಗೆ ನಾಚಿಕೆ."

"ಯೋಚನೆ ಮಾಡಿ ಹೇಳು. ಒಬ್ಬರಿಗೂ ಇಲ್ವಾ?"

"ಒಬ್ಬರಿಗೂ ಇಲ್ಲ."

ಇದಕ್ಕಿಂತ ಕೆಟ್ಟ ಉತ್ತರ ಅವಳು ಕೊಡುವ ಹಾಗಿರಲಿಲ್ಲ. ಪಾಪ, ಅದು ಅವಳಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ನಿಂತಿದ್ದಳೋ, ನನ್ನ ಪಳಗಿದ ಕಣ್ಣಿಗೂ ತಿಳಿಯಲಿಲ್ಲ. ಫೋನು ಕೇಳಿದೆ. ಕೊಟ್ಟಳು. ಬ್ಯಾಟರಿ ಬೆಳಿಗ್ಗೆಯೇ ಸತ್ತಿತ್ತು. ಮೇಜಿನ ಮೇಲಿಟ್ಟೆ.

ಅಷ್ಟರಲ್ಲಿ ಗಂಟೆ ಹೊಡೆಯಿತು.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಇನ್‌ಸ್ಪೆಕ್ಟರ್ ಮುಂದೆ, ಅವರ ಹಿಂದೆ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ ನನ್ನ ತಮ್ಮ, ಕೊನೆಗೆ ಮುಖ ಸಪ್ಪಗಾದ ಯಜಮಾನರು. ಸಣ್ಣ ಕೋಣೆ ತುಂಬಿಹೋಯಿತು.

"ಏನಾದ್ರೂ ಸಿಕ್ತಾ ಮೇಡಂ?" ಎಂದರು ಇನ್‌ಸ್ಪೆಕ್ಟರ್. ಅವರಿಗೂ ಸಾಕಾಗಿತ್ತು. ಮನೆಗೆ ಹೋಗುವ ಆತುರ ಧ್ವನಿಯಲ್ಲಿತ್ತು.

ಹೇಳಬೇಕೋ ಬೇಡವೋ ಎಂದು ಒಂದು ಉಸಿರಿನಷ್ಟು ಹೊತ್ತು ತೂಗಿದೆ. ತಮ್ಮನನ್ನು ಉಳಿಸುವ ಮಾತು ಒಂದೇ ಇತ್ತು. ಅದನ್ನು ಆಡಿದರೆ ಅವನ ಹೆಂಡತಿಯ ಹೆಸರು ತಾನಾಗಿ ಬೀಳುತ್ತಿತ್ತು. ಅವಳ ಹೆಸರೆತ್ತದೆ ಅರ್ಧ ಹೇಳಿ ನೋಡೋಣ ಎಂದು ಹೊರಟೆ.

"ಕಳ್ಳ ಈ ಪುಟ ಓದಿ ಕಲಿತಿದ್ದಾನೆ," ಎಂದೆ ಪರದೆ ತೋರಿಸಿ. "ತುಂಬಾ ಸಲ, ತುಂಬಾ ಹೊತ್ತು ಓದಿದ್ದಾನೆ. ಬರೆಸಿದವನೇ ನನ್ನ ತಮ್ಮ. ಅವನಿಗೆ ಓದೋ ಅಗತ್ಯ ಏನಿದೆ? ನೀವೇ ಹೇಳಿ."

ಇನ್‌ಸ್ಪೆಕ್ಟರ್ ಹುಬ್ಬು ಗಂಟಿಕ್ಕಿ ಪರದೆಯ ಹತ್ತಿರ ಬಗ್ಗಿದರು. "ಇದೇನಿದು, ಮೇಸ್ತ್ರಿ ಮನೆ ಅಂತಿದೆ?"

ಸೊಸೆಯಮ್ಮ ಅದನ್ನು ಮುಚ್ಚುವುದನ್ನು ಮರೆತಿದ್ದಳು. ನಾನೂ ಮರೆತಿದ್ದೆ.

"ಅದು ಲಿಂಕಿನ ಹೆಸರು ಅಷ್ಟೆ, ಸಾರ್..." ಎಂದು ಅವಳು ತೊದಲಿದಳು. "ಮನೆಯವರ ಫೋನಿಗೆ ಕಳಿಸಿದ್ದು..." ಅಷ್ಟಂದವಳು ನಾಲಿಗೆ ಕಚ್ಚಿಕೊಂಡಳು.

ನನ್ನ ತಮ್ಮ ಪರದೆ ನೋಡಿದ. ಮೇಜಿನ ಮೇಲಿದ್ದ ಫೋನು ನೋಡಿದ. ಆಮೇಲೆ ಗೋಡೆಗೆ ಅಂಟಿ ನಿಂತ ಹೆಂಡತಿಯನ್ನು ನೋಡಿದ. ಚಿಕ್ಕವನಿದ್ದಾಗ ಗಡಿಯಾರ ಬಿಚ್ಚಿಟ್ಟುಕೊಂಡು, ಯಾವ ಹಲ್ಲು ಎಲ್ಲಿ ಕೂರುತ್ತದೆ ಎಂದು ಹೊಳೆದಾಗ ಅವನ ಮುಖ ಹೀಗೇ ಆಗುತ್ತಿತ್ತು.

"ಓದಿದ್ದು ನಾನೇ," ಎಂದ.

"ಲೋ!" ಎಂದೆ.

"ನೀನು ಸುಮ್ನಿರಕ್ಕ. ಸಾರ್, ಓದಿದ್ದು ನಾನೇ. ಅವಳ ಫೋನಿನಲ್ಲಿ ಓದ್ತಿದ್ದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ."

"ನೀನು ಯಾವತ್ತು ಮಧ್ಯಾಹ್ನ ಮನೆಗೆ ಹೋಗಿದ್ಯೋ? ಬೆಂಚಿನ ಮೇಲೇ ಡಬ್ಬಿ ಬಿಚ್ಚೋನು ನೀನು! ಯಜಮಾನ್ರೇ, ಹೇಳಿ ಇವರಿಗೆ!"

ಯಜಮಾನರು ನೆಲ ನೋಡಿದರು. ಅವರು ಮಧ್ಯಾಹ್ನ ಮಲಗುವವರು, ಅವರಿಗೇನು ಗೊತ್ತು.

"ಇರಿ ಮೇಡಂ," ಎಂದು ಇನ್‌ಸ್ಪೆಕ್ಟರ್ ತಮ್ಮನ ಕಡೆ ತಿರುಗಿದರು. "ನೀನೇ ಹೇಳಿ ಬರೆಸಿದ್ದು ಅಂತಾರೆ. ಮತ್ತೆ ಯಾಕೆ ಓದ್ದೆ?"

ತಮ್ಮ ತನ್ನ ಎರಡು ಕೈಯನ್ನೂ ನೋಡಿಕೊಂಡ. ಈ ಕೈಗಳ ವಿಷಯದಲ್ಲಿ ಅವನಿಗಿದ್ದ ಜಂಬ ಅಷ್ಟಿಷ್ಟಲ್ಲ. ನನ್ನ ಕೈ ಮರೆಯೋದಿಲ್ಲ ಅಕ್ಕ, ತಲೆ ಮರೆತರೂ ಕೈ ಮರೆಯೋದಿಲ್ಲ ಎಂದು ಎಷ್ಟು ಸಲ ಹೇಳಿರಲಿಲ್ಲ.

"ಮರೆತುಹೋಗಿತ್ತು ಸಾರ್," ಎಂದ. "ವಯಸ್ಸಾಯ್ತಲ್ಲ. ಅಜ್ಜನ್ನ ಮುಟ್ಟಿ ವರ್ಷಗಳಾದ್ವು. ಎಷ್ಟು ನೆನೆಸಿಕೊಂಡರೂ ಬರಲಿಲ್ಲ. ಅದಕ್ಕೇ ಓದಿ ಓದಿ ಜ್ಞಾಪಿಸಿಕೊಂಡೆ."

ನನ್ನ ಹತ್ತಿರ ಇದ್ದದ್ದು ಒಂದೇ ಸಾಕ್ಷಿ. ಅದನ್ನು ಅವನು ಒಂದೇ ಮಾತಿನಲ್ಲಿ ಮುರಿದು ಮೂಲೆಗೆ ಎಸೆದಿದ್ದ. ಹಣೆ ಚಚ್ಚಿಕೊಳ್ಳಬೇಕು ಅನಿಸಿತು. ಸುಳ್ಳು ಹೇಳ್ತಿದ್ದಾನೆ ಎಂದು ಕೂಗಿದೆ, ಹೆತ್ತವರ ಹೆಸರು ಹಿಡಿದು ಬೈದೆ. ಇನ್‌ಸ್ಪೆಕ್ಟರ್ ನನ್ನನ್ನು ಕನಿಕರದಿಂದ ನೋಡಿದರು. ಒಡಹುಟ್ಟಿದವಳು, ಹೀಗೇ ಆಡುತ್ತಾಳೆ ಎನ್ನುವ ನೋಟ.

"ತಾನೇ ಒಪ್ಪಿಕೊಂಡಿದ್ದಾನಲ್ಲ ಮೇಡಂ. ಇನ್ನು ಈ ಪುಟ, ಲಿಂಕು ಎಲ್ಲ ಕಟ್ಟಿಕೊಂಡು ನನಗೇನಾಗಬೇಕು?"

ತಮ್ಮನ ಹೆಂಡತಿ ಅವನ ಅಂಗಿ ಹಿಡಿದುಕೊಂಡಳು. "ಏನ್ರೀ ಹೇಳ್ತಿದ್ದೀರಾ ನೀವು? ಏನ್ರೀ ಇದು?" ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಮನೆ ನೋಡ್ಕೋ," ಎಂದ. ಅವಳ ಮುಖ ನೋಡಲಿಲ್ಲ.

ಅವರು ಇಳಿದು ಹೋದರು. ಯಜಮಾನರೂ ಹಿಂದೆಯೇ ಹೋದರು. ಕೆಳಗೆ ಜೀಪಿನ ಬಾಗಿಲು ಹಾಕಿಕೊಂಡ ಸದ್ದಾಯಿತು. ತಮ್ಮನ ಹೆಂಡತಿ ಕೊನೆಗೂ ಕುರ್ಚಿಯಲ್ಲಿ ಕುಸಿದಳು. ಅವಳನ್ನು ಸಮಾಧಾನ ಮಾಡಲು ನನಗೆ ಮನಸ್ಸು ಬರಲಿಲ್ಲ. ನಿನ್ನಿಂದಲೇ ಅಲ್ವೇನೆ ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡು ಕೂತೆ.

"ಈ ಹಾಳು ಪುಟ ಈಗಲೇ ತೆಗೆದುಬಿಡ್ತೀನಿ," ಎಂದಳು ಸೊಸೆಯಮ್ಮ ಮೂಗೊರೆಸಿಕೊಳ್ಳುತ್ತ. ಏನೇನೋ ಒತ್ತಿದಳು. ಆಮೇಲೆ ಅವಳ ಕೈ ನಿಂತುಹೋಯಿತು.

"ಮೇಡಂ."

"ಏನು?"

"ಇಲ್ಲಿ ಈ ಕ್ಷಣದಲ್ಲಿ ಸೈಟ್ ನೋಡ್ತಿರೋರು ಎಷ್ಟು ಜನ ಅಂತ ತೋರಿಸುತ್ತೆ. ಒಬ್ಬರಿದ್ದಾರೆ."

ಎದ್ದು ಹೋಗಿ ನೋಡಿದೆ. ಒಂದು ಎನ್ನುವ ಅಂಕಿ. ಅದರ ಕೆಳಗೆ ಪುಟದ ಹೆಸರು, 'ನಂಬರ್ ಮರೆತರೆ'. ಅದರ ಪಕ್ಕದಲ್ಲಿ ಬಾಲ, 'ಮೇಸ್ತ್ರಿ ಮನೆ'.

ನನ್ನ ತಮ್ಮ ಜೀಪಿನಲ್ಲಿದ್ದ. ಅವನ ಹೆಂಡತಿ ನನ್ನ ಎದುರಿಗಿದ್ದಳು. ಅವಳ ಸತ್ತ ಫೋನು ನನ್ನ ಮೊಣಕೈ ಪಕ್ಕದಲ್ಲಿತ್ತು.

"ಬೇರೆ ಫೋನಿರಬಹುದಾ?" ಎಂದೆ ಪಿಸುಗುಟ್ಟಿ.

"ಇಲ್ಲ ಮೇಡಂ. ಅದೇ ಫೋನು. ಇಷ್ಟು ದಿನ ಓದಿದ್ದು ಇದೇ. ಇವರ ಫೋನಿನಿಂದ ಯಾರೋ ಆ ಲಿಂಕು ಕದ್ದು ಕಳಿಸಿಕೊಂಡಿರಬೇಕು."

ನಾವು ನೋಡುತ್ತಿದ್ದ ಹಾಗೇ ಪುಟದ ಹೆಸರು ಬದಲಾಯಿತು. ಓದುಗ ಈಗ ಫೋಟೋಗಳಿಗೆ ಹೋಗಿದ್ದ. ಒಂದು ಫೋಟೋ ತೆರೆದು ಅಲ್ಲೇ ನಿಂತ. ಸೊಸೆಯಮ್ಮ ಅದು ಯಾರ ಮನೆಯದೆಂದು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

"ನಿವೃತ್ತ ಟೀಚರ್ ಒಬ್ಬರದು. ಒಬ್ಬರೇ ಇರೋದಂತೆ. ಇವತ್ತು ಬೆಳಿಗ್ಗೆ ಹಾಕಿದ್ದು. ಫೋಟೋ ಕಳಿಸೋರು ಕಡಿಮೆಯಾದ್ರಲ್ಲ ಅಂತ..."

"ಜೀಪು ನಿಲ್ಲಿಸಿ!" ಎಂದು ಕಿಟಕಿಗೆ ಓಡಿದೆ. ಮಂಡಿ ಕೈಕೊಟ್ಟು ಮೇಜು ಹಿಡಿದುಕೊಂಡೆ. ಕಾರ್ಖಾನೆಯ ಗೇಟು ಆಗಲೇ ಮುಚ್ಚಿತ್ತು. ಇನ್‌ಸ್ಪೆಕ್ಟರಿಗೆ ಫೋನು ಮಾಡಿದರೆ ಎತ್ತಲಿಲ್ಲ.

ತಿರುಗಿದಾಗ ತಮ್ಮನ ಹೆಂಡತಿ ಎದ್ದು ಪರದೆಯ ಮುಂದೆ ನಿಂತಿದ್ದಳು. ಆ ಒಂದು ಎನ್ನುವ ಅಂಕಿಯನ್ನು, ಅದರ ಪಕ್ಕ ತನ್ನ ಮನೆಯ ಹೆಸರನ್ನು ಓದುತ್ತಿದ್ದಳು. ಓದಿ ಮುಗಿಸಿ ನನ್ನ ಕಡೆ ನೋಡಿದಳು.

"ಅಂದ್ರೆ... ಅವರು ಒಪ್ಪಿಕೊಂಡಿದ್ದು ನಾನೇ ಕದ್ದಿದ್ದೀನಿ ಅನ್ಕೊಂಡಾ?"

ನಾನು ಇನ್‌ಸ್ಪೆಕ್ಟರಿನ ನಂಬರನ್ನು ಮತ್ತೆ ಒತ್ತುತ್ತಿದ್ದೆ. ಅವಳ ಕಣ್ಣು ನನ್ನ ಮೇಲಿಂದ ಸರಿಯಲಿಲ್ಲ.

"ನೀವೂನಾ, ಅಕ್ಕ?"